ಬಳಸದೆ ಉಳಿದ ಮಾತು

"ಈ ಮನ್ಯಾಗ ಬ್ಯಾಡ ಅನ್ನೋರು ಯಾರರ ಅದಾರೇನು?"

ಅಡಿವೆವ್ವಕ್ಕ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟು ಮೆತ್ತಿದ ಕೈಯನ್ನು ಹಾಗೆಯೇ ಎತ್ತಿ ಹಿಡಿದು ಕೇಳಿದಳು. ಹೆಂಚು ಸುಮ್ಮನಿತ್ತು. ಸೊಪ್ಪು ಸೋಸುತ್ತ ಬಾಗಿಲ ಪಕ್ಕ ಕುಳಿತಿದ್ದ ನಾನೂ ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಸ್ವಭಾವ. ಉತ್ತರ ಬಂದದ್ದು ಪಡಸಾಲೆಯಿಂದ.

"ಆಗಲಿ."

ಅದು ಅವಳ ಗಂಡ ಸೋಮನಿಂಗ ಮಾಸ್ತರರ ದನಿ. ಆದರೆ ಆ ಉತ್ತರ ಹೆಂಡತಿಗಲ್ಲ, ಎದುರು ಕುಳಿತಿದ್ದ ತರುಣ ಕವಿಗೆ. ಆತ ತನ್ನ ಸಂಕಲನಕ್ಕೆ ಮುನ್ನುಡಿಯನ್ನು ತಾನೇ ಬರೆದುಕೊಂಡು ಬಂದು, ಅದನ್ನು ಮಾಸ್ತರರಿಗೆ ಓದಿ ಹೇಳಿ, "ಇದು ತಮ್ಮದೇ ಅಂತ ಹಾಕಲೇನ್ರಿ ಗುರುಗಳ?" ಎಂದು ಕೇಳಿದ್ದ. ಮುನ್ನುಡಿಯಲ್ಲಿ ಆತ ತನ್ನನ್ನು ಯುಗದ ಕವಿ ಎಂದು ಕರೆದುಕೊಂಡಿದ್ದ. ವಿನಯವಂತ ಹುಡುಗ, ಬರೀ ಒಂದೇ ಯುಗಕ್ಕೆ ತೃಪ್ತಿಪಟ್ಟ.

ಮಾಸ್ತರರು ನಮ್ಮೂರಿನ ದೊಡ್ಡ ಕವಿ. ನಮ್ಮೂರಿನಲ್ಲಿ ಮಳೆ ತಪ್ಪಿದರೂ ಕವನ ಸಂಕಲನ ತಪ್ಪುವುದಿಲ್ಲ, ಆದ್ದರಿಂದ ದೊಡ್ಡ ಕವಿ ಎಂದರೆ ಸಣ್ಣ ಮಾತಲ್ಲ. ಅವರು ಊರದೇವರಾದ ಕಂಬಳಿಯಜ್ಜನ ಮೇಲೆ ಒಂದು ಮಹಾಕಾವ್ಯ ಬರೆಯುತ್ತಿದ್ದರು. ಕಡೆಯ ಸಂಧಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಗಿದಿತ್ತು. ಆ ಕಡೆಯ ಸಂಧಿ ಯಾಕೆ ಮುಗಿಯಲಿಲ್ಲ ಎಂದರೆ ಮಾಸ್ತರರಿಗೆ ಬರೆಯಲು ಬಿಡುವಿರಲಿಲ್ಲ. ಬೆಳಿಗ್ಗೆ ಒಬ್ಬರು ಮುನ್ನುಡಿಗೆ ಬರುತ್ತಿದ್ದರು, ಮಧ್ಯಾಹ್ನ ಒಬ್ಬರು ಬೆನ್ನುಡಿಗೆ ಬರುತ್ತಿದ್ದರು, ಸಂಜೆ ಸಾಹಿತ್ಯ ಸಂಘದವರು ಅಧ್ಯಕ್ಷತೆಗೆ ಕರೆಯಲು ಬರುತ್ತಿದ್ದರು. ಮಾಸ್ತರರು ಎಲ್ಲರಿಗೂ "ಆಗಲಿ" ಎನ್ನುತ್ತಿದ್ದರು. ಹೋದ ಮೇಲೆ ತಲೆಗೆ ಕೈ ಹಚ್ಚಿ ಕೂರುತ್ತಿದ್ದರು. "ಆಗೂದಿಲ್ಲ ಅಂದ್ರ ಮೈಯಾಗಿನ ತೊಗಲು ಹೋಗತೈತೇನ್ರಿ?" ಎಂದು ಅಡಿವೆವ್ವಕ್ಕ ಸಿಡುಕುತ್ತಿದ್ದಳು. "ಪಾಪ, ಆಸೆ ಇಟ್ಟುಕೊಂಡು ಬಂದಿರ್ತಾರ" ಎಂದು ಮಾಸ್ತರರು ಹೇಳುತ್ತಿದ್ದರು. ಆಸೆ ಎಲ್ಲರಿಗೂ ಇತ್ತು, ನಿಜ. ಮಾಸ್ತರರಿಗೂ ಒಂದು ಇತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ.

ಇನ್ನು ನಮ್ಮೂರಿನ ಸಂಗತಿ. ಇಲ್ಲಿ ಒಬ್ಬರ ಬಾಯಿಂದ ಬಿದ್ದುಹೋದ ಮಾತು ಹತ್ತಿರದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತವರಿಗೆ ಹೋಗುತ್ತದೆ. ಬೇರೆ ಊರುಗಳಲ್ಲಿ ಎಲ್ಲಿಗೆ ಹೋಗುತ್ತದೆಯೋ ನನಗೆ ತಿಳಿಯದು. ಹಣಮಂತರಾವ ವಕೀಲರಿಗೆ ಲಕ್ವ ಹೊಡೆದಾಗ ಅವರ ಕಟ್ಟೆಯ ಕೆಳಗೆ ಇಡ್ಲಿ ಮಾರುವ ಕಾಶವ್ವ ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಸುಮ್ಮನೆ ಕುಳಿತಿದ್ದಳು. ಇವತ್ತಿಗೂ ಅವಳ ಹತ್ತಿರ ಇನ್ನೊಂದು ಸೌಟು ಚಟ್ನಿ ಕೇಳಿದರೆ, "ಮೇಲ್ಕಾಣಿಸಿದ ಚಟ್ನಿಗೆ ಸಂಬಂಧಿಸಿದಂತೆ ನಿಮ್ಮ ಹಕ್ಕು ಈಗಾಗಲೇ ಮುಗಿದೈತಿ" ಎನ್ನುತ್ತಾಳೆ. ಬೈಗುಳಕ್ಕೆ ಹೆಸರಾಗಿದ್ದ ಮಾದಕ್ಕಜ್ಜಿಗೆ ಮಾತು ಹೋದಾಗ ಅವಳ ಸರಕೆಲ್ಲ ಪಕ್ಕದಲ್ಲಿ ಜಪಕ್ಕೆ ಕುಳಿತಿದ್ದ ಗುಡಿಯ ಅಯ್ಯನವರಿಗೆ ಹೋಯಿತು. ಅಂದಿನಿಂದ ಮಂಗಳಾರತಿಯ ಹೊತ್ತಿಗೆ ನೂಕುನುಗ್ಗಲು ನಿಂತಿದೆ, ಭಕ್ತರು ಸಾಲಾಗಿ ಬರುತ್ತಾರೆ. ದೇವರು ಯಾವುದನ್ನು ಯಾವುದಕ್ಕೆ ಬಳಸುತ್ತಾನೋ ಹೇಳಲಾಗದು.

ಹೀಗಾಗಿ ನಮ್ಮಲ್ಲಿ ರೋಗಿಯನ್ನು ನೋಡಲು ಹೋಗುವವರು ಏನಾದರೂ ಗೊಣಗುತ್ತ ಇರುತ್ತಾರೆ. ಮಂದಿಯ ಮಾತು ಮೈಮೇಲೆ ಬಿದ್ದರೆ ಯಾರಿಗೆ ಬೇಕು? ಆದರೆ ಸೋಮನಿಂಗ ಮಾಸ್ತರರ ಮಾತು ಎಲ್ಲರಿಗೂ ಬೇಕಿತ್ತು. ರಕ್ತದೊತ್ತಡ ಏರಿದೆ ಎಂದು ಡಾಕ್ಟರು ಹೇಳಿದ ದಿನದಿಂದ ಊರಿನ ಸಾಹಿತಿಗಳಿಗೆ ಮಾಸ್ತರರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ದಿನಾ ಸಂಜೆ ಪಡಸಾಲೆಯ ತುಂಬ ಶಿಷ್ಯರು. ಮಾಸ್ತರರು ಕಾವ್ಯ ಓದುವಾಗ ಅವರ ಕಿವಿ ಕಾವ್ಯದ ಕಡೆಗೆ, ಕಣ್ಣು ಮಾಸ್ತರರ ಬಾಯಿಯ ಮೇಲೆ. ಒಮ್ಮೆ ಅವರು ಆಕಳಿಸಿದರು, ಎಡಕ್ಕೆ ತುಸು ವಾರೆಯಾಗಿ. ಎಲ್ಲರೂ ಟಪ್ಪೆಂದು ಬಾಯಿ ಮುಚ್ಚಿಕೊಂಡು ಮುಂದಕ್ಕೆ ಸರಿದರು. ಆಕಳಿಕೆ ಮುಗಿಯಿತು, ನಿರಾಸೆಯಿಂದ ಹಿಂದಕ್ಕೆ ಸರಿದರು.

ನಾನೂ ಅಲ್ಲಿರುತ್ತಿದ್ದೆ. ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಪಕ್ಕದ ಮನೆಯ ತುಂಗಕ್ಕ, ಅಡಿವೆವ್ವನಿಗೆ ಕೈಗೆ ಒದಗುವಾಕೆ, ಅಷ್ಟೆ. ನನ್ನ ಅಪ್ಪ ಕಂಬಳಿಯಜ್ಜನ ಗುಡಿಯಲ್ಲಿ ಪದ್ಯ ವಾಚನ ಮಾಡುತ್ತಿದ್ದರು. ಯಾರೋ ಹಳಬರು ಕಟ್ಟಿದ ಅಜ್ಜನ ಕಥೆಯ ಪದ್ಯಗಳು. ಗುಡಿಯ ಆಚೆಗೆ ಅವನ್ನು ಯಾರೂ ಕೇಳಿರಲಾರರು. ನಾನು ಕಂಬಕ್ಕೊರಗಿ ಕೇಳುತ್ತ ಬೆಳೆದೆ. ಒಮ್ಮೆ ಜೊತೆಗೆ ಗುನುಗಿದಾಗ ಅಪ್ಪ ನಿಲ್ಲಿಸಿ, "ಹಾಡೋರು ಊರ ತುಂಬ ಸಿಗತಾರ ತುಂಗಾ. ಕೇಳೋರು ಸಿಗೂದಿಲ್ಲ. ನೀ ಕೇಳು" ಎಂದರು. ಕೇಳಿದೆ. ಅಪ್ಪ ಹೋದ ಮೇಲೆ ಬೇರೆಯವರು ಓದುವುದನ್ನು ಕೇಳಿದೆ. ಬಾಯಿ ತೆರೆದು ಒಂದು ಪದ್ಯ ಹೇಳಿದವಳಲ್ಲ. ಹಾಗಾಗಿ ಮಾಸ್ತರರ ಪಡಸಾಲೆಯಲ್ಲಿ ಕಾವ್ಯ ಕೇಳಲೆಂದೇ ಬರುತ್ತಿದ್ದವಳು ನಾನೊಬ್ಬಳೇ ಇರಬೇಕು. ಅದನ್ನು ಹೇಳಿಕೊಳ್ಳುವುದು ಜಂಬವಾಗುತ್ತದೆ, ಆದರೆ ಸುಳ್ಳಾಗುವುದಿಲ್ಲ.

ಆ ದಿನ ಮಾಸ್ತರರು ಅಜ್ಜ ಮಂದೆ ಬಿಟ್ಟು ಬೆಟ್ಟ ಹತ್ತುವ ಭಾಗ ಓದುತ್ತಿದ್ದರು. ಅರ್ಧ ಸಾಲಿಗೆ ದನಿ ನಿಂತಿತು. ಹಾಳೆ ಹಿಡಿದ ಬಲಗೈ ತೊಡೆಯ ಮೇಲೆ ಬಿತ್ತು. ಬಾಯಿ ಎಡಕ್ಕೆ ಎಳೆಯಿತು. ಈ ಸಲ ಆಕಳಿಕೆಯಾಗಿರಲಿಲ್ಲ.

ಏನು ಮಾಡಬೇಕೆಂದು ಶಿಷ್ಯರಿಗೆಲ್ಲ ಗೊತ್ತಿತ್ತು. ಬಾಯಿ ಮುಚ್ಚಿಕೊಳ್ಳಬೇಕು, ಅಷ್ಟೆ. ಎಷ್ಟು ಸುಲಭದ ಕೆಲಸ! ಸಂಘದ ಅಧ್ಯಕ್ಷ ರಾಚಪ್ಪನವರು ಮೊದಲು ಎದ್ದು, "ಎಲ್ಲಾರೂ ಬಾಯಿ ಮುಚ್ಚ್ರಿ!" ಎಂದು ಕೂಗಿದರು.

"ಮೊದಲ ನೀವ ಮುಚ್ಚ್ರಿ!"

"ನಾ ಅಧ್ಯಕ್ಷ ಅದೀನಿ, ಹೇಳೂದು ನನ್ನ ಕರ್ತವ್ಯ."

"ಗುರುಗಳ ಮಗ್ಗಲ ಕೂಡೂದು ನನ್ನ ಜಾಗಾ, ಸರೀರಿ ಅತ್ಲಾಗ!"

"ಸುಮ್ಮನಿರೂ ವಿಷಯದಾಗ ನನಗ ಯಾರೂ ಕಲಿಸೂದು ಬ್ಯಾಡ, ಮೌನದ ಮ್ಯಾಲೆ ನನ್ನ ಎರಡು ಪುಸ್ತಕ ಬಂದಾವ!"

ಅಡಿವೆವ್ವಕ್ಕ ಡಾಕ್ಟರನ್ನು ಕರೆಯಿರೋ ಎಂದು ಚೀರುತ್ತಿದ್ದಳು. ಇಡೀ ಪಡಸಾಲೆಯಲ್ಲಿ ಮುಚ್ಚಿದ ಬಾಯಿ ಒಂದೇ ಇತ್ತು. ಅದು ನಾನು ಗೆದ್ದದ್ದಲ್ಲ, ನನಗೆ ಭಯಕ್ಕೆ ದನಿ ಹೊರಡಲಿಲ್ಲ ಅಷ್ಟೆ. ಸಂಜೆ ಮಂದೆ ಹಟ್ಟಿಗೆ ನುಗ್ಗಿದ ಹಾಗೆ, ದೂಳು, ಗಂಟೆಯ ಸದ್ದು, ಒಂದರ ಮೇಲೊಂದು ಬಿದ್ದು ಮಾಸ್ತರರ ಮಾತುಗಳು ನನ್ನೊಳಗೆ ಬಂದವು. ನಾನು ಎದ್ದು ಡಾಕ್ಟರನ್ನು ಕರೆತರಲು ಓಡಿದೆ. ಹೋದಾಗ ಡಾಕ್ಟರಿಗೆ, "ಬೇಗ ಬರ್ರಿ" ಎನ್ನಬೇಕಾದವಳು, "ಕರುಣಾಳುವೆ, ಪಡುವಣದ ಹೊಸ್ತಿಲಲ್ಲಿ ಸೂರ್ಯನೊಬ್ಬ ತಡವರಿಸುತ್ತಿದ್ದಾನೆ" ಎಂದೆ. ಡಾಕ್ಟರು ನಮ್ಮೂರಿನವರೇ. ತಕ್ಷಣ ತಿಳಿದುಕೊಂಡು, "ಮಾಸ್ತರರಿಗೇನ?" ಎಂದು ಚೀಲ ಎತ್ತಿಕೊಂಡರು. ಅವರು ಯಾರಿಗೂ ಬಾಯಿ ಬಿಡಲಿಲ್ಲ. ಬಾಯಿ ಬಿಡದ ಇನ್ನೊಬ್ಬರು ಊರಲ್ಲಿದ್ದಾರೆ ಎಂದು ಅವತ್ತು ಗೊತ್ತಾಯಿತು.

ಮಾಸ್ತರರು ಬದುಕಿದರು. ಕಾಲೆಳೆದುಕೊಂಡು ನಡೆಯುವಷ್ಟಾದರು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಆದರೆ ನಾಲಿಗೆಯಲ್ಲಿ ಉಳಿದದ್ದು ಒಂದೇ ಮಾತು. ಅಷ್ಟು ವರ್ಷ ದಿನಾ ಬಳಸಿ ಬಳಸಿ ನಾಲಿಗೆಗೆ ಅಂಟಿಕೊಂಡಿತ್ತೋ ಏನೋ, ಉಳಿದ ಮಂದೆಯ ಜೊತೆ ಅದು ಹೊರಡಲೇ ಇಲ್ಲ.

"ನೀರು ಬೇಕೇನ್ರಿ?"

"ಆಗಲಿ."

"ಬ್ಯಾಡೇನ್ರಿ?"

"ಆಗಲಿ."

ಊರಿಗೆ ಇದು ತಿಳಿಯುವುದು ತಡವಾಗಲಿಲ್ಲ. ಮಾಸ್ತರರಿಗೆ ಹುಷಾರಿಲ್ಲ ಎಂಬ ಕನಿಕರದಿಂದ ಜನ ಮೊದಲಿಗಿಂತ ಹೆಚ್ಚು ಬಂದರು. ಹಳೆಯ ಕವನಗಳಿಗೆ ಹೊಸ ಮುನ್ನುಡಿ ಸಿಕ್ಕಿತು. ಬೀರುವಿನ ಪುಸ್ತಕ ಒಬ್ಬರು ಕೇಳಿ ಪಡೆದರು, ಬೀರುವನ್ನು ಇನ್ನೊಬ್ಬರು. ಒಬ್ಬರು ಮಾಸ್ತರರ ಬೆತ್ತದ ಕುರ್ಚಿಯನ್ನು, ಅವರು ಅದರಲ್ಲಿ ಕುಳಿತಿರುವಾಗಲೇ, ಕೇಳಿದರು. "ಆಗಲಿ" ಎಂದು ಹೇಳಿದ ಮಾಸ್ತರರ ಕಣ್ಣಲ್ಲಿ ನೀರು ಬಂತು. ಅಡಿವೆವ್ವಕ್ಕ ಸೌಟು ಹಿಡಿದು ಹೊರಗೆ ಬಂದಳು.

"ಅವ್ರು ಬ್ಯಾಡ ಅನ್ನಾಕತ್ತಾರ. ಕಣ್ಣ ನೋಡ್ರಿ ಒಂದೀಟು!"

"ಅಕ್ಕಾರ, ನಾವು ಸಾಹಿತ್ಯದ ಮಂದಿ" ಎಂದ ಆ ಭಕ್ತ, ಕುರ್ಚಿಯ ಕಾಲು ಮುಟ್ಟಿ ನೋಡುತ್ತ. "ನಾವು ಶಬ್ದಾ ನಂಬತೀವಿ. ಕಣ್ಣಲ್ಲ."

ನಾನು ಈ ನಡುವೆ ನನ್ನ ಪಾಡು ಪಡುತ್ತಿದ್ದೆ. ಸಂತೆಯಲ್ಲಿ ಕೊತ್ತಂಬರಿ ಕೊಳ್ಳಲು ಹೋದರೆ ಬಾಯಿಂದ "ಈ ಹಸುರಿನ ಮನೋಜ್ಞ ಕಂತೆ" ಎಂದು ಬೀಳುತ್ತಿತ್ತು. ಮಾರುವವಳು ಮನೋಜ್ಞ ಬೇರೆ ಕಡೆ ಸಿಗುತ್ತದೆ, ಇದು ಕೊತ್ತಂಬರಿ ಎನ್ನುತ್ತಿದ್ದಳು. ಗುಡಿಯಲ್ಲಿ ಪದ್ಯ ಕೇಳಲು ಕುಳಿತರೆ ಒಳಗಿನ ಮಂದೆ ಸದ್ದು ಮಾಡುತ್ತಿತ್ತು. ನನಗೆ ಇದ್ದ ಸುಖ ಅದೊಂದೇ, ಸುಮ್ಮನೆ ಕೇಳುವುದು. ಅದೂ ಹೋಯಿತು. ಒಂದು ಮಧ್ಯಾಹ್ನ ಕುಳಿತು, ಬಂದಿರುವುದೇನು ಎಂದು ಒಂದೊಂದಾಗಿ ನೋಡಿದೆ. ಮೇಲೆ ಇದ್ದವು ಮುನ್ನುಡಿಯ ಮಾತುಗಳು: ಭರವಸೆಯ, ಮೌಲಿಕ, ಹೃದ್ಯ, ಅಭಿನಂದನಾರ್ಹ. ಬೀಸುಕಲ್ಲಿನ ಗೂಟದ ಹಾಗೆ ಹಿಡಿದು ಹಿಡಿದು ನುಣುಪಾಗಿದ್ದವು, ಅಂಚೆಂಬುದೇ ಇರಲಿಲ್ಲ. ಅವುಗಳ ಕೆಳಗೆ ಕಾವ್ಯದ ಮಾತುಗಳು, ಕೈಯಿಟ್ಟರೆ ಬೆಚ್ಚಗೆ, ಕುರಿಮರಿಯ ಹೊಟ್ಟೆಯ ಹಾಗೆ. ಇನ್ನೂ ಕೆಳಗೆ ಅವರು ಮಗುವಾಗಿದ್ದಾಗಿನವು. ಎಲ್ಲಕ್ಕೂ ಹಿಂದೆ, ಗೋಡೆಗೆ ತಾಗಿ, ಒಂದು ಮಾತು ನಿಂತಿತ್ತು. ಮದುವೆಯಲ್ಲಿ ಉಡುಗೊರೆ ಬಂದು ಅಟ್ಟ ಸೇರಿದ ಹಿತ್ತಾಳೆ ಪಾತ್ರೆಯ ಹಾಗೆ ಥಳಥಳ ಹೊಳೆಯುತ್ತಿತ್ತು. ಒಮ್ಮೆಯೂ ಒಲೆ ಕಂಡಿರಲಿಲ್ಲ, ಅಂಗಡಿಯ ಚೀಟಿಯೂ ಕಿತ್ತಿರಲಿಲ್ಲ.

ಅದು "ಒಲ್ಲೆ" ಎಂಬ ಮಾತು.

ನಾನು ಅಂದೇ ಹೋಗಿ ಅಡಿವೆವ್ವಕ್ಕನಿಗೆ ಎಲ್ಲ ಹೇಳಿದೆ.

"ನಿನ್ನ ಕಡೆ ಅದಾವು? ಆ ರಾಚಪ್ಪ ತನ್ನ ಕಡೆ ಅದಾವಂತ ಊರ ತುಂಬ ಹೇಳಕೋತ ಹೊಂಟಾನಲ್ಲ!"

ಅದೂ ನಿಜ. ಆವತ್ತು ಪಡಸಾಲೆಯಲ್ಲಿದ್ದವರೆಲ್ಲ ಮಾಸ್ತರರ ಮಾತು ತಮಗೇ ಬಂದಿದೆ ಎಂದು ಹೇಳಿಕೊಂಡಿದ್ದರು. ರಾಚಪ್ಪನವರ ದನಿ ದೊಡ್ಡದು, ಹಾಗಾಗಿ ಊರು ಅವರದನ್ನು ನಂಬಿತ್ತು. ಪುರಾವೆಗೆಂದು ಅವರು ಮಾತಿನ ನಡುನಡುವೆ "ಅನಂತ" ಎನ್ನುತ್ತಿದ್ದರು.

"ಹೊಳ್ಳಿ ಕೊಡವ್ವಾ ನಮ್ಮವ್ವಾ," ಎಂದು ಅಡಿವೆವ್ವಕ್ಕ ನನ್ನ ಕೈ ಹಿಡಿದಳು. "ಅವರ ಮುಂದ ಕುಂತು ಹೇಳಿದ್ರ ಹೊಳ್ಳಿ ಹೋಗತಾವಲ್ಲ?"

ಹೋಗುತ್ತವೆ, ಹೇಳುವವರು ಮನಸಾರೆ ಬಿಟ್ಟುಕೊಟ್ಟರೆ, ಕೇಳುವವರ ಬಾಯಿ ಮುಚ್ಚಿದ್ದರೆ. ನಾನು ಮಾಸ್ತರರ ಎದುರು ಕುಳಿತು, "ನೀರು" ಎಂದೆ. "ಆಗಲಿ" ಎಂದರು. ನೀರು ಗೋಡೆಗೆ ಬಡಿದ ಚೆಂಡಿನ ಹಾಗೆ ನನಗೇ ಮರಳಿತು. "ಒಲ್ಲೆ" ಎಂದೆ. "ಆಗಲಿ" ಎಂದರು. ಯಾರು ಬಾಯಿ ತೆರೆದರೂ ಒಪ್ಪಿಗೆ ಕೊಡುವುದು ಅವರ ಮೈಗೆ ಹತ್ತಿಬಿಟ್ಟಿತ್ತು. ಅಡಿವೆವ್ವಕ್ಕ ಅಂಗೈಯಿಂದ ಅವರ ಬಾಯಿ ಒತ್ತಿ ಹಿಡಿದು, "ಈಗ ಹೇಳು, ಲಗೂನ ಹೇಳು" ಎಂದಳು. ಬೆರಳ ಸಂದಿಯಿಂದ "ಆಗಲಿ" ಬಂತು. ಮಾಸ್ತರರಿಗೂ ನಗು ಬಂದಿರಬೇಕು, ಭುಜ ಕುಲುಕಿದವು. ಆಮೇಲೆ ಆ ಕುಲುಕು ಅಳುವಾಯಿತು.

ಅಷ್ಟರಲ್ಲಿ ಸಂಘದವರು ಅಭಿನಂದನಾ ಸಮಾರಂಭ ಗೊತ್ತುಮಾಡಿದ್ದರು. ರಾಚಪ್ಪನವರೇ ಮನೆಗೆ ಬಂದು ವಿವರ ಹೇಳಿದರು. ಮಾಸ್ತರರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅದಾದ ಮೇಲೆ ರಾಚಪ್ಪನವರು ವೀಳ್ಯ ಹಿಡಿದು ಸಭೆಯ ಮುಂದೆ ಒಂದು ಬೇಡಿಕೆ ಇಡುತ್ತಾರೆ: ಮಹಾಕಾವ್ಯದ ಕಡೆಯ ಸಂಧಿಯನ್ನು ತಾವು ಬರೆದು ಮುಗಿಸುವುದು, ಇಡೀ ಕಾವ್ಯ ತಮ್ಮ ಹೆಸರಿನಲ್ಲಿ ಅಚ್ಚಾಗುವುದು, ಮಾಸ್ತರರ ಹೆಸರು ಅರ್ಪಣೆಯ ಪುಟದಲ್ಲಿ ಬರುವುದು. ನಮ್ಮೂರಿನಲ್ಲಿ ಸಭೆಯ ಮುಂದೆ ವೀಳ್ಯ ಮುಟ್ಟಿ ಬಾಯಿಂದ ಬಂದ ಮಾತನ್ನು ದೇವರೂ ಹಿಂತೆಗೆಯಲಾರ.

"ಅರ್ಪಣೆ ಪುಟ ಭಾಳ ಛಂದ ಮಾಡಸತೀನ್ರಿ ಅಕ್ಕಾರ," ಎಂದರು ರಾಚಪ್ಪನವರು. "ಸುತ್ತಲೂ ಬಳ್ಳಿ, ಹೂವು. ಅನಂತ."

"ಅದು ಅವರ ಇಡೀ ಜೀವಾ ತೇದು ಬರದದ್ದು."

"ಅದಕ್ಕ ಹೇಳೂದು. ಅವರ ಮಾತೆಲ್ಲಾ ಈಗ ನನ್ನ ಬಾಯಾಗ ಅದಾವಂದ ಮ್ಯಾಲೆ, ಬರದೋರು ಯಾರು ಅಂತೀರಿ? ತತ್ವಶಃ ನಾನ. ಹೌದಲ್ರಿ ಗುರುಗಳ?"

"ಆಗಲಿ," ಎಂದರು ಮಾಸ್ತರರು. ಎಡಗೈಯಿಂದ ಹಾಸಿಗೆಯ ದಡಿಯನ್ನು ಹಿಡಿದು ಹಿಂಡುತ್ತಿದ್ದರು.

ಸಮಾರಂಭದ ಹಿಂದಿನ ದಿನ ಸೋಮವಾರ, ಗುಡಿಯಲ್ಲಿ ಪದ್ಯ ವಾಚನದ ದಿನ. ಅಡಿವೆವ್ವಕ್ಕ ಬೇರೆ ದಾರಿ ಕಾಣದೆ ಗಂಡನನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಗುಡಿಗೆ ಬಂದಳು. ನಾನೂ ಹೋದೆ. ದಾರಿಯುದ್ದಕ್ಕೂ ಎದುರಾದವರೆಲ್ಲ ನಮಸ್ಕಾರ ಎನ್ನುವುದು, ಮಾಸ್ತರರು ಆಗಲಿ ಎನ್ನುವುದು. ಗುಡಿಯಲ್ಲಿ ಅಯ್ಯನವರು ಸಾಲು ತಪ್ಪಿದ ಒಬ್ಬ ಭಕ್ತನನ್ನು ಮಾದಕ್ಕಜ್ಜಿಯ ಮಾತಿನಲ್ಲಿ ತಿದ್ದುತ್ತಿದ್ದರು. ಅದಕ್ಕೂ ಮಾಸ್ತರರು ಆಗಲಿ ಎಂದರು. ಆಮೇಲೆ ವಾಚನ ಸುರುವಾಯಿತು. ಓದುವವರ ದನಿ ಏರಿತು. ನಾನು ಕಣ್ಣು ಮುಚ್ಚಲು ಹೋದವಳು ಮಾಸ್ತರರ ಕಡೆ ನೋಡಿದೆ.

ಅವರ ಬಾಯಿ ಮುಚ್ಚಿತ್ತು. ಎರಡೂ ತುಟಿ ಕೂಡಿದ್ದವು. ಎಡಕ್ಕೆ ಎಳೆದ ಮೂಲೆಯೂ ತನ್ನ ಜಾಗಕ್ಕೆ ಬಂದ ಹಾಗಿತ್ತು. ಪದ್ಯಕ್ಕೆ ಯಾರೂ ಒಪ್ಪಿಗೆ ಕೊಡಬೇಕಾಗಿಲ್ಲ. ಪದ್ಯ ಯಾರ ಹತ್ತಿರವೂ ಏನನ್ನೂ ಕೇಳಲು ಬಂದಿರುವುದಿಲ್ಲ. ಅದು ಮಾಸ್ತರರ ಮೈಗೆ ಗೊತ್ತಿತ್ತು.

ಅಡಿವೆವ್ವಕ್ಕನೂ ನೋಡಿದಳು. ಮನೆ ಮುಟ್ಟುವವರೆಗೆ ತಡೆದುಕೊಂಡು, ಬಾಗಿಲು ಹಾಕಿ, "ಹಾಡು" ಎಂದಳು.

"ನಾ ಕೇಳಾಕಿ ಅಕ್ಕಾ. ಹಾಡಾಕಿ ಅಲ್ಲ."

"ಇವತ್ತ ಹಾಡಾಕಿ ಆಗು."

ಅಜ್ಜನ ಪದ್ಯಗಳೆಲ್ಲ ನನಗೆ ಬರುತ್ತವೆ. ಯಾವುದು ಬೇಕೆಂದೂ ಗೊತ್ತಿತ್ತು. ದೇವರು ಪ್ರತ್ಯಕ್ಷನಾಗಿ ಏನು ಬೇಕು ಕೇಳು ಎಂದಾಗ ಕುರುಬನಾದ ಅಜ್ಜ ವರವನ್ನೇ ಬೇಡವೆನ್ನುವ ಪದ್ಯ. ಬಾಯಿ ತೆರೆದೆ. ಬರೀ ಗಾಳಿ ಬಂತು. ಮತ್ತೆ ತೆರೆದೆ. ಅಡಿವೆವ್ವಕ್ಕ ಮುಂದೆ ಬಾಗಿ ಕೇಳುತ್ತಿದ್ದಳು, ಮಾಸ್ತರರು ಕಣ್ಣರಳಿಸಿ ಕೇಳುತ್ತಿದ್ದರು. ನನ್ನನ್ನು ಹಾಗೆ ಯಾರೂ ಎಂದೂ ಕೇಳಿರಲಿಲ್ಲ.

"ಬರವೊಲ್ದು ಅಕ್ಕಾ. ಯಾರರ ಕೇಳಾಕತ್ತಾರ ಅಂದ್ರ ಬರವೊಲ್ದು."

ಅಡಿವೆವ್ವಕ್ಕ ಬೈಯಲಿಲ್ಲ. ಆಮೇಲೆ ಅವಳ ಮುಖದಲ್ಲಿ, ಮಾಸ್ತರರು ಬಿದ್ದಾಗಿನಿಂದ ಕಾಣದಿದ್ದ ಒಂದು ಕಿಡಿಗೇಡಿತನ ಕಂಡಿತು.

"ಯಾರೂ ಕೇಳದ ಜಾಗಾ ಒಂದೈತಿ ತುಂಗಾ," ಎಂದಳು. "ಸಾಹಿತ್ಯ ಸಂಘದ ಪ್ರಾರ್ಥನಾ."

ಮರುದಿನ ಸಭಾಭವನ ತುಂಬಿತ್ತು. ವೇದಿಕೆಯ ಮೇಲೆ ನಡುವೆ ಮಾಸ್ತರರು, ಅವರ ಬಲಕ್ಕೆ ತಾಗಿಕೊಂಡೇ ರಾಚಪ್ಪನವರು, ಆಚೀಚೆ ಎದೆಗೆ ಹೂವಿನ ಬಿಲ್ಲೆ ಚುಚ್ಚಿಕೊಂಡ ಗಣ್ಯರು. ಪ್ರಾರ್ಥನೆಗೆ ಗೊತ್ತಾಗಿದ್ದ ಹುಡುಗಿಯ ಅವ್ವನಿಗೆ ಅಡಿವೆವ್ವಕ್ಕ ಬೆಳಿಗ್ಗೆಯೇ ಹೋಗಿ ಏನು ಹೇಳಿದಳೋ, ಹುಡುಗಿ ಬರಲಿಲ್ಲ. "ಪ್ರಾರ್ಥನಾಕ್ಕ ಯಾರರ ಬರ್ರಿ, ಲಗೂ ಮುಗಸೂಣು" ಎಂದು ನಿರೂಪಕರು ಕರೆದಾಗ ಅಡಿವೆವ್ವಕ್ಕ ನನ್ನನ್ನು ಹಿಂದಿನಿಂದ ನೂಕಿದಳು. ನಾನು ಮಾಸ್ತರರ ಎದುರಿಗೆ ಮೈಕಿನ ಹತ್ತಿರ ಹೋಗಿ ನಿಂತೆ.

ನನಗೆ ಭಯವಿದ್ದದ್ದು ಸಭೆಯದಲ್ಲ. ಬಿಟ್ಟುಕೊಟ್ಟ ಮಾತು ಹತ್ತಿರದ ಮುಚ್ಚಿದ ಬಾಯಿಗೆ ಹೋಗುತ್ತದೆ. ಯಾರದು ಎಂದು ಅದು ಹೆಸರು ಕೇಳುವುದಿಲ್ಲ. ಮಾಸ್ತರರ ಪಕ್ಕದಲ್ಲೇ ರಾಚಪ್ಪ. ಆ ಹೊತ್ತಿಗೆ ಅವರು ಒಂದು ಗಳಿಗೆ ಸುಮ್ಮನಾದರೆ ಮುಗಿಯಿತು. ಇಷ್ಟು ದಿನ ಸುಳ್ಳು ಹೇಳಿಕೊಂಡಿದ್ದು ನಿಜವಾಗುತ್ತದೆ. ಮಾಸ್ತರರ ಕಾವ್ಯವೂ ಅವರದು, ಮಾಸ್ತರರ ಬೇಡವೆನ್ನುವ ಒಂದು ಮಾತೂ ಅವರದು. ಕಂಬಳಿಯಜ್ಜಾ, ನಿನ್ನ ಗುಡಿಯಲ್ಲಿ ಇಷ್ಟು ವರ್ಷ ಕುಳಿತದ್ದಕ್ಕೆ ಬೇರೇನೂ ಬೇಡ, ಈ ಸಾಹಿತಿಗಳಿಗೆ ಒಂದು ಪದ್ಯದ ಹೊತ್ತು ಬಾಯಿ ಮುಚ್ಚುವ ಬುದ್ಧಿ ಕೊಡಬೇಡ ಎಂದು ಬೇಡಿಕೊಂಡೆ.

ಅಜ್ಜನಿಗೆ ಶ್ರಮವಾಗಲಿಲ್ಲ. "ಪ್ರಾರ್ಥನೆ, ಎಲ್ಲರೂ ಶಾಂತಿಯಿಂದ ಇರಬೇಕು" ಎಂದು ನಿರೂಪಕರು ಹೇಳಿದ ಮರುಕ್ಷಣವೇ ವೇದಿಕೆಯ ಮೇಲೆ ಎಲ್ಲರ ಬಾಯಿಗೂ ಜೀವ ಬಂತು. ಒಬ್ಬರು ತಮ್ಮ ಕುರ್ಚಿ ಹಿಂದಿನ ಸಾಲಿಗೆ ಯಾಕೆ ಹೋಯಿತು ಎಂದು ವಿಚಾರಿಸಿದರು. ಮೌನದ ಮೇಲೆ ಎರಡು ಪುಸ್ತಕ ಬರೆದವರು ತಮ್ಮ ಭಾಷಣ ಎಷ್ಟನೆಯದು ಎಂದು ಕೇಳಿದರು. ಸಭೆಯಲ್ಲಿ ಉಪ್ಪಿಟ್ಟೋ ಅವಲಕ್ಕಿಯೋ ಎಂಬ ಚರ್ಚೆ ಎದ್ದಿತು. ರಾಚಪ್ಪನವರು ಪಕ್ಕಕ್ಕೆ ವಾಲಿ, "ಈಕಿನ್ನ ಯಾರು ಹಾಕಿದ್ರು? ಪಟ್ಟಿಯೊಳಗ ಇರಲಿಲ್ಲಲ್ಲ" ಎಂದು ಕಾರ್ಯದರ್ಶಿಯ ಕಿವಿಗೆ ಊದತೊಡಗಿದರು. ಯಾರೂ ಕೇಳುತ್ತಿರಲಿಲ್ಲ. ಅಷ್ಟು ಜನರ ನಡುವೆ ನಾನು ಮನೆಯಲ್ಲಿ ಒಬ್ಬಳೇ ಇದ್ದ ಹಾಗಿತ್ತು.

ಗಂಟಲು ತೆರೆಯಿತು.

ಸಿರಿಯನೊಲ್ಲೆನು ಪದವಿಯೊಲ್ಲೆನು
ಪರರ ಹೊಗಳಿಕೆಯೊಲ್ಲೆನೆನ್ನಯ
ಕೊರಳ ದನಿಯೊಂದುಳಿಯೆ ಸಾಕೆನುತೊರೆದನಾ ಕುರುಬ

ಮೊದಲ ಸಾಲಿಗೆ ದನಿ ಸೀಳಿತು. ಎರಡನೆಯದಕ್ಕೆ ಅಪ್ಪ ಎಳೆಯುತ್ತಿದ್ದ ಜಾಗದಲ್ಲಿ ಎಳೆದೆ. ಮಾಸ್ತರರು ತುಟಿ ಕೂಡಿಸಿ, ತಲೆ ತುಸು ವಾಲಿಸಿ, ಗುಡಿಯ ಕಂಬಕ್ಕೆ ಒರಗಿ ಕುಳಿತವರ ಹಾಗೆ ಕೇಳುತ್ತಿದ್ದರು. ಇಡೀ ಭವನದಲ್ಲಿ ಮುಚ್ಚಿದ ಬಾಯಿ ಒಂದೇ. ಒಂದೊಂದು ಮಾತು ನನ್ನಿಂದ ಹೊರಟದ್ದು ತಿಳಿಯುತ್ತಿತ್ತು, ಬಾಗಿಲು ತೆರೆದ ಹಟ್ಟಿಯಿಂದ ಕುರಿಗಳು ತಮ್ಮ ಒಡೆಯನ ದನಿಗೆ ನಡೆದ ಹಾಗೆ. ಸಿರಿ ಹೋಯಿತು. ಪದವಿ ಹೋಯಿತು. ಹೊಗಳಿಕೆ ಸವೆದು ಹೋಗಿದ್ದರಿಂದ ಸದ್ದಿಲ್ಲದೆ ಜಾರಿತು. ಆ ಹೊಳೆಯುವ ಪಾತ್ರೆ ಇದ್ದ ಮೂಲೆಯಲ್ಲಿ ನೋಡಿಕೊಂಡೆ. ಗೋಡೆ ಮಾತ್ರ ಇತ್ತು.

ಪದ್ಯ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. ನಾನು ಕೆಳಗಿಳಿದು ಅಡಿವೆವ್ವಕ್ಕನ ಪಕ್ಕ ಕುಳಿತೆ. ಅವಳು ನನ್ನ ಮೊಣಕೈ ಹಿಡಿದವಳು ಬಿಡಲಿಲ್ಲ.

ಸ್ವಾಗತವಾಯಿತು, ಭಾಷಣಗಳಾದವು. ಒಬ್ಬೊಬ್ಬರೂ ಮಾಸ್ತರರನ್ನು ಹೊಗಳಲು ಎದ್ದು ತಮ್ಮನ್ನು ಹೊಗಳಿಕೊಂಡು ಕುಳಿತರು. ಮಾಸ್ತರರು ಎಲ್ಲಕ್ಕೂ ಸುಮ್ಮನಿದ್ದರು. ಆಗಲಿ ಎನ್ನಲಿಲ್ಲ. ಅದನ್ನು ಗಮನಿಸಿದವರು ನಾವಿಬ್ಬರೇ. ಅಡಿವೆವ್ವಕ್ಕ ಒಮ್ಮೆ ಹೆದರಿ, "ಇದ್ದದ್ದೊಂದೂ ಹೋತೇನ ತಂಗಿ?" ಎಂದಳು. ನನಗೂ ಹೆದರಿಕೆಯಾಯಿತು. ಮಾತು ಹೋಗಿ ತಲುಪಿದ್ದೇನೋ ನಿಜ. ಆದರೆ ಒಂದು ದಿನವೂ ಕೈಯಲ್ಲಿ ಹಿಡಿಯದ ಸಾಮಾನನ್ನು ಈ ವಯಸ್ಸಿನಲ್ಲಿ ಎತ್ತಲು ಅವರಿಗೆ ಬರುತ್ತದೆಯೇ?

ಶಾಲು ಹೊದಿಸಿದರು. ಹಾರ ಹಾಕಿದರು. ರಾಚಪ್ಪನವರು ತಟ್ಟೆಯಲ್ಲಿ ವೀಳ್ಯ ಹಿಡಿದು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು.

"ಪೂಜ್ಯ ಗುರುಗಳ, ಈ ಅನಂತ ಸಭಾದ ಸಾಕ್ಷಿಯಾಗಿ ತಮ್ಮ ಶಿಷ್ಯನ ಒಂದು ಸಣ್ಣ ಕೋರಿಕೆ. ತಮ್ಮ ಕಾವ್ಯಾ ನನ್ನ ಮಡಿಲಿಗೆ ಹಾಕ್ರಿ. ಕಡೀ ಸಂಧಿ ನಾ ಮುಗಸತೀನಿ, ಇಡೀ ಕಾವ್ಯಾ ನನ್ನ ಹೆಸರಿನ್ಯಾಗ ಬರಲಿ. ಈ ವೀಳ್ಯ ಮುಟ್ಟಿ, ತಮ್ಮ ಬಾಯಿಂದ, ಒಂದ ಒಂದು ಶಬ್ದಾ."

ಮಾಸ್ತರರು ಎಡಗೈ ಚಾಚಿ ವೀಳ್ಯ ಮುಟ್ಟಿದರು. ಸಭೆ ಆಗಲೇ ಚಪ್ಪಾಳೆ ಹೊಡೆಯಿತು. ಏನು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತಲ್ಲ, ಕಾಯುವುದು ಯಾಕೆ? ರಾಚಪ್ಪನವರು ಕೈಮುಗಿದು ನಾಲ್ಕೂ ದಿಕ್ಕಿಗೆ ಬಾಗಿದರು. ಮಾಸ್ತರರ ತುಟಿ ಅಲ್ಲಾಡಿದ್ದನ್ನು ಮುಂದಿನ ಸಾಲಿನವರು ಕಂಡರು. ಅವರ ಚಪ್ಪಾಳೆ ಮೊದಲು ನಿಂತಿತು, ಅವರನ್ನು ನೋಡಿ ಹಿಂದಿನ ಸಾಲಿನವರದು, ಕಡೆಗೆ ಬಾಗಿಲ ಹತ್ತಿರ ಉಪ್ಪಿಟ್ಟಿಗೆ ನಿಂತವರದು.

"ಏನಂದ್ರಿ ಗುರುಗಳ?" ಎಂದರು ರಾಚಪ್ಪನವರು, ಇನ್ನೂ ನಗುತ್ತಲೇ. "ಮೈಕಿನ್ಯಾಗ ಒಂದು ಸಲ ಹೇಳಿಬಿಡ್ರಿ, ಎಲ್ಲಾರಿಗೂ ಕೇಳಲಿ."

ಮೈಕನ್ನು ತಾವೇ ಹಿಡಿದು ಮಾಸ್ತರರ ಬಾಯಿಗೆ ಒಡ್ಡಿದರು. ಸಾಹಿತ್ಯ ಸಂಘದ ಸಭೆಯೊಂದರಲ್ಲಿ ಮೊದಲ ಬಾರಿಗೆ ಎಲ್ಲರ ಬಾಯಿಯೂ ಒಟ್ಟಿಗೆ ಮುಚ್ಚಿತ್ತು.

"ಒಲ್ಲೆ," ಎಂದರು ಮಾಸ್ತರರು.